ಭರತದ (ಸಮುದ್ರದ ಉಬ್ಬರದ) ಹೊತ್ತು ಮೊದಲು, ಪೈಪಿನ ಅಳತೆ ಆಮೇಲೆ: ಮುಂಬೈಯ ತಗ್ಗು ಗಲ್ಲಿಗೆ ಮಳೆನೀರಿನ ಯೋಜನೆ ಹಾಕುವ ಬಗೆ

ಮಾಟುಂಗಾದ ಗಾಂಧಿ ಮಾರ್ಕೆಟ್, ಪರೇಲಿನ ಹಿಂದ್‌ಮಾತಾ, ಸಾಂತಾಕ್ರೂಜ್‌ನ ಮಿಲನ್ ಸಬ್‌ವೇ. ಜುಲೈ ಬಂತೆಂದರೆ ಈ ಹೆಸರುಗಳು ಟಿವಿಯಲ್ಲಿ ಓಡತೊಡಗುತ್ತವೆ. ಸೊಸೈಟಿಯ ಸಭೆಯಲ್ಲಿ ಯಾರಾದರೂ ಎದ್ದು 'ಗಟಾರ ಸಣ್ಣದಾಗಿದೆ, ದೊಡ್ಡ ಪೈಪು ಹಾಕಿಸಬೇಕು' ಅನ್ನುತ್ತಾರೆ. ವಾರ್ಡ್ ಆಫೀಸಿಗೆ ಅರ್ಜಿಯೂ ಹಾಗೆಯೇ ಹೋಗುತ್ತದೆ. ಪೈಪೇನೋ ಬರುತ್ತದೆ, ಆದರೆ ದೊಡ್ಡ ಭರತದ ದಿನ ನೀರು ಮೊದಲಿನಂತೆಯೇ ನಿಲ್ಲುತ್ತದೆ. ಯಾಕೆಂದರೆ ಆ ಪೈಪಿನ ಆಚೆ ತುದಿ ಸಮುದ್ರದಲ್ಲಿದೆ, ಮತ್ತು ಸಮುದ್ರ ದಿನಕ್ಕೆರಡು ಸಲ ಬಾಗಿಲು ಹಾಕಿಕೊಳ್ಳುತ್ತದೆ.

ಮುಂಬೈಯ ಮಳೆನೀರು ಸಮುದ್ರಕ್ಕೂ, ಸಮುದ್ರದ ಉಪ್ಪುನೀರು ಒಳಬರುವ ಖಾರಿಗೂ ಸೇರುವ ಬಾಯಿಗಳು 186. ಅದರಲ್ಲಿ 45 ಸರಾಸರಿ ಸಮುದ್ರಮಟ್ಟಕ್ಕಿಂತಲೂ ಕೆಳಗಿವೆ, 135 ಭರತದ ಮಟ್ಟಕ್ಕಿಂತ ಕೆಳಗಿವೆ. ಭರತದಲ್ಲೂ ನಿರಾತಂಕವಾಗಿ ಹರಿಯುವಂಥವು ಆರೇ ಆರು. ಹಾಗಾಗಿ ಗಲ್ಲಿಯ ಯೋಜನೆಯನ್ನು ಗಲ್ಲಿಯಿಂದ ಶುರು ಮಾಡಬೇಡಿ. ನೀರು ಕೊನೆಗೆ ಸೇರುವ ಬಾಯಿಯಿಂದ ಹಿಂದಕ್ಕೆ ನಡೆದು ಬನ್ನಿ. ಮುಂದೆ ಬರುವ ಲೆಕ್ಕಗಳನ್ನೆಲ್ಲ 12 ಹೆಕ್ಟೇರಿನ ಒಂದು ಮಾದರಿ ಬಡಾವಣೆಗೆ ಹಾಕಿದ್ದೇವೆ. ನಿಮ್ಮ ಅಂಕಿಗಳನ್ನು ಅದರ ಜಾಗದಲ್ಲಿ ಇಟ್ಟುಕೊಳ್ಳಿ.

ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ವಾರ್ಡ್ ಆಫೀಸಿನ ಪರ್ಜನ್ಯ ಜಲವಾಹಿನಿ ವಿಭಾಗದಲ್ಲಿ ನಿಮ್ಮ ಭಾಗದ ಚರಂಡಿ ನಕ್ಷೆ ಕೇಳಿ. ಅರ್ಜಿ ಮರಾಠಿಯಲ್ಲಿರಲಿ, ಪಾಲಿಕೆಯ ಕಡತ ನಡೆಯುವುದೇ ಆ ಭಾಷೆಯಲ್ಲಿ. ಸುಮ್ಮನೆ ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಸಿಕ್ಕ ನಕ್ಷೆಯನ್ನು ಹಾಗೇ ನಂಬಬೇಡಿ. ದಕ್ಷಿಣ ಮುಂಬೈಯಲ್ಲಿ ಬ್ರಿಟಿಷರ ಕಾಲದ ಕಮಾನು ಗಟಾರಗಳು ಇನ್ನೂ ಕೆಲಸ ಮಾಡುತ್ತಿವೆ. ಅವುಗಳ ಒಳಗೆ ನೀರಿನ ಪೈಪು, ಕೇಬಲ್ಲು ಅಡ್ಡ ಹಾಯ್ದಿರುತ್ತವೆ, ನಕ್ಷೆಯಲ್ಲಿ ಅವು ಕಾಣುವುದಿಲ್ಲ. ಬೇಸಿಗೆಯಲ್ಲಿ ಒಂದು ಸಲ, ಜೋರು ಮಳೆಯಲ್ಲಿ ಒಂದು ಸಲ ಇಡೀ ದಾರಿ ನಡೆದು ನೋಡಿ. ಮಳೆಯಲ್ಲಿ ನೋಡಬೇಕಾದ್ದು ಎರಡು: ಪಕ್ಕದ ಯಾವ ರಸ್ತೆಯ ನೀರು ನಿಮ್ಮ ಕಡೆ ತಿರುಗುತ್ತದೆ, ಮತ್ತು ಯಾವ ಮ್ಯಾನ್‌ಹೋಲಿನಿಂದ ನೀರು ಒಳಗೆ ಹೋಗುವ ಬದಲು ಹೊರಗೆ ಉಕ್ಕುತ್ತದೆ. ಉಕ್ಕುವ ಮ್ಯಾನ್‌ಹೋಲಿನಿಂದ ಮುಂದೆ ನೀರು ಹರಿದು ಹೋಗುವ ದಾರಿಯಲ್ಲಿ ಎಲ್ಲೋ ಕತ್ತು ಹಿಚುಕಿದೆ ಎಂದೇ ಅರ್ಥ. ಮುಂಬೈಯಲ್ಲಿ ಅಂಥ ಕತ್ತು ಬಹಳ ಸಲ ರೈಲು ಹಳಿಯ ಕೆಳಗಿನ ಮೋರಿಯಾಗಿರುತ್ತದೆ. ಹಳಿಯ ಎರಡೂ ಪಕ್ಕ ಪಾಲಿಕೆ ಗಟಾರ ಅಗಲ ಮಾಡಿರುತ್ತದೆ, ನಡುವಿನ ಮೋರಿ ಹಳೆಯದೇ ಉಳಿದಿರುತ್ತದೆ.

ಮುಂಬೈಯಲ್ಲಿ ಕೊಳಚೆ ಮತ್ತು ಮಳೆನೀರಿಗೆ ಬೇರೆ ಬೇರೆ ಜಾಲ. ನಡೆಯುವಾಗ ಪ್ರತಿ ಮುಚ್ಚಳ ಯಾವ ಜಾಲದ್ದು ಎಂದು ಗುರುತು ಹಾಕಿಕೊಳ್ಳಿ. ನೀರು ನಿಂತ ಕೂಡಲೇ ಜನ ಕೈಗೆ ಸಿಕ್ಕ ಮುಚ್ಚಳ ಎತ್ತುತ್ತಾರೆ. ಅದು ಕೊಳಚೆಯದಾದರೆ ಮಳೆನೀರು ಕೊಳಚೆ ಜಾಲಕ್ಕೆ ನುಗ್ಗಿ ನಾಲ್ಕು ಕಟ್ಟಡ ಆಚೆ ಯಾರದೋ ನೆಲಮಹಡಿಯ ಕಕ್ಕಸಿನಲ್ಲಿ ಮೇಲೇಳುತ್ತದೆ. ಅಷ್ಟೇ ಅಲ್ಲ, ತೆರೆದ ಮ್ಯಾನ್‌ಹೋಲು ನೀರಿನಡಿ ಕಾಣುವುದಿಲ್ಲ, 2017ರ ಆಗಸ್ಟ್ 29ರ ಮಳೆಯಲ್ಲಿ ಅದು ಜೀವವನ್ನೇ ತೆಗೆದಿದೆ. ಮುಚ್ಚಳದ ಕೆಳಗೆ ಕಬ್ಬಿಣದ ಜಾಳಿಗೆ ಇಲ್ಲದ ಮ್ಯಾನ್‌ಹೋಲುಗಳ ಪಟ್ಟಿಯನ್ನು ಈ ಸುತ್ತಿನಲ್ಲೇ ಬರೆದು ಪಾಲಿಕೆಯ 1916 ಸಹಾಯವಾಣಿಗೆ ದೂರು ಕೊಟ್ಟುಬಿಡಿ. ಅದಕ್ಕೆ ಯೋಜನೆ ಮುಗಿಯುವವರೆಗೆ ಕಾಯಬೇಕಿಲ್ಲ.

ಮೂರು ಸೊನ್ನೆಗಳ ಗೊಂದಲ

ಎತ್ತರದ ಅಳತೆಯಲ್ಲಿ ಆಗುವ ತಪ್ಪು ಮುಂದಿನ ಪ್ರತಿ ಲೆಕ್ಕವನ್ನೂ ಕೆಡಿಸುತ್ತದೆ. ಮುಂಬೈಯಲ್ಲಿ ಈ ತಪ್ಪಿಗೆ ಹೇಳಿ ಮಾಡಿಸಿದಂತೆ ಮೂರು ಬೇರೆ ಬೇರೆ ಸೊನ್ನೆಗಳಿವೆ. ಸರ್ವೆ ಆಫ್ ಇಂಡಿಯಾ ನಕ್ಷೆಗಳು ಸರಾಸರಿ ಸಮುದ್ರಮಟ್ಟದಿಂದ ಅಳೆಯುತ್ತವೆ. ಉಬ್ಬರ-ಇಳಿತದ ಪಟ್ಟಿ ಚಾರ್ಟ್ ಡೇಟಮ್‌ನಿಂದ, ಅಂದರೆ ಅತಿ ಕೆಳಗಿನ ಇಳಿತದ ಆಸುಪಾಸಿನ ಸೊನ್ನೆಯಿಂದ ಅಳೆಯುತ್ತದೆ, ಅಪೊಲೊ ಬಂದರಿನಲ್ಲಿ ಸರಾಸರಿ ಸಮುದ್ರಮಟ್ಟ ಅದಕ್ಕಿಂತ ಸುಮಾರು 2.5 ಮೀಟರ್ ಮೇಲಿದೆ. ಪಾಲಿಕೆಯ ಕಾಗದಗಳು ಟೌನ್ ಹಾಲ್ ಡೇಟಮ್ ಬಳಸುತ್ತವೆ, ಅದರ ಸೊನ್ನೆ ಸಮುದ್ರಮಟ್ಟಕ್ಕಿಂತ ಬಹಳ ಕೆಳಗಿದೆ. ಅದರಲ್ಲಿ ರಸ್ತೆಯ ಮಟ್ಟ 27, 28 ಮೀಟರ್ ಎಂದೆಲ್ಲ ಬರೆದಿರುತ್ತದೆ. ಅದನ್ನು ನೋಡಿ 'ನಾವು ಸಮುದ್ರಕ್ಕಿಂತ 27 ಮೀಟರ್ ಮೇಲಿದ್ದೇವೆ' ಎಂದುಕೊಂಡವರೂ ಇದ್ದಾರೆ.

ಆದ್ದರಿಂದ ಎಲ್ಲವನ್ನೂ ಒಂದೇ ಸೊನ್ನೆಗೆ ತನ್ನಿ. ನಾವು ಸರಾಸರಿ ಸಮುದ್ರಮಟ್ಟವನ್ನು ಇಟ್ಟುಕೊಳ್ಳುತ್ತೇವೆ. ಪಟ್ಟಿಯಲ್ಲಿ ಭರತ 4.5 ಮೀಟರ್ ಎಂದಿದ್ದರೆ ಅದು ನಮ್ಮ ಲೆಕ್ಕದಲ್ಲಿ 2.0 ಮೀಟರ್. ಪಾಲಿಕೆಯ ಗುರುತುಕಲ್ಲಿನ ಮಟ್ಟವನ್ನು ಬದಲಿಸುವಾಗ ವ್ಯತ್ಯಾಸ ಎಷ್ಟೆಂದು ವಿಭಾಗದಿಂದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಅಳೆಯಲು ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಳತೆಯ ಕೋಲು) ಸಾಕು, ಇಬ್ಬರು ಸರ್ವೇಯರ್‌ಗಳಿಗೆ ಎರಡು ದಿನದ ಕೆಲಸ. ಫೋನಿನ ಜಿಪಿಎಸ್ ತೋರಿಸುವ ಎತ್ತರ ಹಲವು ಮೀಟರ್ ಹೆಚ್ಚುಕಡಿಮೆ ಇರುತ್ತದೆ, ಇಲ್ಲಿ ಹತ್ತು ಸೆಂಟಿಮೀಟರಿಗೂ ಬೆಲೆಯಿದೆ. ರಸ್ತೆಯ ಮಧ್ಯ ಮತ್ತು ಅಂಚು ಪ್ರತಿ 20 ಮೀಟರಿಗೆ, ಪ್ರತಿ ಮ್ಯಾನ್‌ಹೋಲಿನ ಮುಚ್ಚಳ ಮತ್ತು ತಳ, ಕಟ್ಟಡಗಳ ಗೇಟಿನ ಹೊಸ್ತಿಲು, ಮೀಟರ್ ರೂಮಿನ ನೆಲ, ಕೊನೆಗೆ ನಾಲಾದ ತಳ ಮತ್ತು ಸಮುದ್ರದ ಬಾಯಿ. ಹೊರಟ ಗುರುತಿಗೇ ವಾಪಸು ಬಂದು ಲೆಕ್ಕ ಮುಚ್ಚಬೇಕು. ಒಂದು ಕಿಲೋಮೀಟರ್ ಸುತ್ತಿನಲ್ಲಿ 12 ಮಿ.ಮೀ.ಗಿಂತ ಹೆಚ್ಚು ತಪ್ಪು ಬಂದರೆ ಮತ್ತೆ ಅಳೆಯಿಸಿ. ಹಳೆಯ ಅಂಗಡಿಯ ಗೋಡೆಯಲ್ಲಿ ಹೋದ ವರ್ಷದ ನೀರಿನ ಕಲೆ ಇದ್ದರೆ ಅದರ ಮಟ್ಟವನ್ನೂ ತೆಗೆದುಕೊಳ್ಳಿ. ಮುಂದೆ ನಿಮ್ಮ ಲೆಕ್ಕ ಸರಿಯೇ ಎಂದು ಹೇಳುವ ಸಾಕ್ಷಿ ಅದು.

ಮಟ್ಟಗಳು ಕೈಗೆ ಬಂದ ಮೇಲೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗ ತಗ್ಗು ಜಾಗವನ್ನು ಕನಿಷ್ಠ 27.55 ಮೀಟರ್ ಟೌನ್ ಹಾಲ್ ಡೇಟಮ್‌ವರೆಗೆ, ಇಲ್ಲವೇ ಪಕ್ಕದ ರಸ್ತೆಗಿಂತ 15 ಸೆಂ.ಮೀ. ಮೇಲಕ್ಕೆ, ಯಾವುದು ಹೆಚ್ಚೋ ಅಷ್ಟಕ್ಕೆ ತುಂಬಿಸಬೇಕು ಎಂಬ ಷರತ್ತು ಇರುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ಅದೂ ಏರುತ್ತದೆ. ಒಂದೊಂದಾಗಿ ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋದ ಹಾಗೆ ನಡುವೆ ಉಳಿದ ಹಳೆಯ ಚಾಳು ಬಟ್ಟಲಿನ ತಳವಾಗುತ್ತದೆ. ಅಲ್ಲಿ ನೀರು ನಿಲ್ಲುವುದಕ್ಕೆ ಮಳೆಯನ್ನು ಬೈದು ಪ್ರಯೋಜನವಿಲ್ಲ. ರಸ್ತೆ ದುರಸ್ತಿಯ ಟೆಂಡರಿನಲ್ಲಿ 'ಹಳೆಯ ಪದರ ಕೆರೆದು ತೆಗೆದ ಮೇಲೆಯೇ ಹೊಸ ಪದರ' ಎಂಬ ಸಾಲು ಇದೆಯೇ ನೋಡಿ, ಇಲ್ಲದಿದ್ದರೆ ಹಾಕಿಸಿ.

ಬಾಗಿಲು ಎಷ್ಟು ಹೊತ್ತು ಮುಚ್ಚಿರುತ್ತದೆ

ಇಡೀ ಯೋಜನೆಯ ಗುಟ್ಟು ಇರುವುದು ಈ ಲೆಕ್ಕದಲ್ಲಿ. ಬಹಳಷ್ಟು ಅರ್ಜಿಗಳಲ್ಲಿ ಇಲ್ಲದಿರುವುದೂ ಇದೇ.

ಗಲ್ಲಿಯ ಅತಿ ತಗ್ಗಿನ ಬಿಂದು 2.1 ಮೀಟರ್ ಎಂದುಕೊಳ್ಳಿ. ನೀರು ರಸ್ತೆಗೆ ಬರಬಾರದಾದರೆ ಗಟಾರದೊಳಗಿನ ಮಟ್ಟ ಅದಕ್ಕಿಂತ 15 ಸೆಂ.ಮೀ. ಕೆಳಗೆ, ಅಂದರೆ 1.95ಕ್ಕೆ ನಿಲ್ಲಬೇಕು. ಅಲ್ಲಿಂದ ಸಮುದ್ರದ ಬಾಯಿಗೆ 1,200 ಮೀಟರ್. ಗಟಾರ ತುಂಬಿ ಹರಿಯುವಾಗ ಸಾವಿರಕ್ಕೆ ಒಂದು ಮೀಟರಿನಂತೆ ಇಳಿಜಾರು ಬೇಕು, ಒಟ್ಟು 1.2 ಮೀಟರ್. ಹಾಗಾದರೆ ಬಾಯಿಯಲ್ಲಿ ಸಮುದ್ರ 0.75 ಮೀಟರಿಗಿಂತ ಕೆಳಗಿದ್ದಾಗ ಮಾತ್ರ ನಿಮ್ಮ ಗಲ್ಲಿ ಪೂರ್ತಿ ಹರಿಯುತ್ತದೆ. ಉಬ್ಬರದ ಪಟ್ಟಿಯ ಭಾಷೆಯಲ್ಲಿ ಹೇಳುವುದಾದರೆ 3.25 ಮೀಟರ್.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪಟ್ಟಿ ತೆಗೆದು, ಒಂದು ದೊಡ್ಡ ಭರತದ ದಿನದ ಗೆರೆಯನ್ನು ಗ್ರಾಫ್ ಹಾಳೆಯಲ್ಲಿ ಎಳೆಯಿರಿ. ಭರತ 4.5, ಇಳಿತ 0.9 ಇದ್ದ ದಿನ ನೀರು 3.25ರ ಮೇಲೆ ಹತ್ತಿರ ಹತ್ತಿರ ಐದು ಗಂಟೆ ಇರುತ್ತದೆ. ದಿನಕ್ಕೆರಡು ಭರತ, ಹತ್ತು ಗಂಟೆ. ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನ ದೊಡ್ಡ ಭರತ ಮುಂಬೈಗೆ ಮಧ್ಯಾಹ್ನ ಮತ್ತು ನಡುರಾತ್ರಿಯ ಸುಮಾರಿಗೆ ಬರುತ್ತದೆ, ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತ ಹೋಗುತ್ತದೆ. ಶಾಲೆ ಬಿಡುವ ಹೊತ್ತಿಗೇ ನೀರು ಯಾಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ದೊಡ್ಡ ಪೈಪಿನಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಆದರೆ ಎಷ್ಟು ಎಂದು ನೋಡಿ. ಗಟಾರದ ಶಕ್ತಿ ಎರಡರಷ್ಟಾದರೆ ಅಷ್ಟೇ ನೀರಿಗೆ ಬೇಕಾದ ಇಳಿಜಾರು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, 1.2 ಮೀಟರ್ ಹೋಗಿ 0.3 ಆಗುತ್ತದೆ. ಬಾಗಿಲು ಮುಚ್ಚುವ ಮಟ್ಟ 3.25ರಿಂದ 4.15ಕ್ಕೆ ಏರುತ್ತದೆ, ಐದು ಗಂಟೆ ಎರಡೂವರೆಗೆ ಇಳಿಯುತ್ತದೆ. 1,200 ಮೀಟರ್ ರಸ್ತೆ ಅಗೆದ ಮೇಲೂ ಎರಡೂವರೆ ಗಂಟೆ ಉಳಿಯಿತು. ಗಲ್ಲಿ ಇನ್ನೂ ಮೂವತ್ತು ಸೆಂಟಿಮೀಟರ್ ತಗ್ಗಾಗಿದ್ದರೆ ಆ ಎರಡೂವರೆ ಗಂಟೆ ಸುಮಾರು ಮೂರೂವರೆ ಆಗುತ್ತದೆ.

ಪಟ್ಟಿಯ ಅಂಕಿಯ ಮೇಲೆ ಸ್ವಲ್ಪ ಅಂತರ ಬಿಡಿ. ಅದು ಸೂರ್ಯ-ಚಂದ್ರರ ಲೆಕ್ಕ ಮಾತ್ರ. ಮಳೆಗಾಲದ ನೈರುತ್ಯ ಗಾಳಿ ನೀರನ್ನು ದಡಕ್ಕೆ ತಳ್ಳುತ್ತದೆ, ವಾಯುಭಾರ ಒಂದು ಹೆಕ್ಟೊಪಾಸ್ಕಲ್ ಕುಸಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2015ರವರೆಗೆ ವರ್ಷಕ್ಕೆ 3.3 ಮಿ.ಮೀ.ನಂತೆ ಏರಿದೆ, ಮೂವತ್ತು ವರ್ಷ ಬಾಳುವ ಪಂಪುಮನೆಗೆ ಅದೇ ಹತ್ತು ಸೆಂಟಿಮೀಟರ್ ಆಗುತ್ತದೆ. ಎಲ್ಲ ಸೇರಿ ಕನಿಷ್ಠ 30 ಸೆಂ.ಮೀ. ಹೆಚ್ಚಿಗೆ ಹಿಡಿಯಿರಿ.

ಎಷ್ಟು ನೀರು

ಮುಂಬೈಯ ಹಳೆಯ ಗಟಾರಗಳು ಗಂಟೆಗೆ 25 ಮಿ.ಮೀ. ಮಳೆಗೆ ಮಾಡಿದವು. ಅದೂ ಬಿದ್ದ ಮಳೆಯಲ್ಲಿ ಅರ್ಧ ನೆಲಕ್ಕೆ ಇಂಗುತ್ತದೆ, ಸಮುದ್ರ ಇಳಿತದಲ್ಲಿರುತ್ತದೆ ಎಂಬ ಎರಡು ಭರವಸೆಗಳ ಮೇಲೆ. ಮುಂಬೈಯ ಮಳೆನೀರು ಗಟಾರಗಳ ಕುರಿತ 1993ರ ಬ್ರಿಮ್‌ಸ್ಟೊವಾಡ್ ವರದಿ ಅದನ್ನು ಗಂಟೆಗೆ 50 ಮಿ.ಮೀ.ಗೆ ಏರಿಸಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಸುರಿದಾಗ ಕೊಲಾಬಾದಲ್ಲಿ ಅದರ ಹತ್ತರಲ್ಲೊಂದು ಪಾಲೂ ಬಂದಿರಲಿಲ್ಲ. ಅದಕ್ಕೇ 'ಮುಂಬೈಯಲ್ಲಿ ಇಂದು ಇಷ್ಟು ಮಳೆ' ಎಂಬ ಸುದ್ದಿಯ ಅಂಕಿ ನಿಮ್ಮ ಕೆಲಸಕ್ಕೆ ಬಾರದು. ಪಾಲಿಕೆಯ ಸ್ವಯಂಚಾಲಿತ ಮಳೆಮಾಪಕಗಳು ನಗರದಲ್ಲೆಲ್ಲ ಇವೆ, ನಿಮಗೆ ಹತ್ತಿರದ್ದರ 15 ನಿಮಿಷದ ಅಂಕಿಗಳನ್ನು ಕೇಳಿ ಪಡೆಯಿರಿ. ಗಂಟೆಯ ಸರಾಸರಿ 50 ಇದ್ದರೂ ನಡುವಿನ ಕಾಲು ಗಂಟೆಯಲ್ಲಿ 20 ಮಿ.ಮೀ. ಬಿದ್ದಿದ್ದರೆ ಆ ಹೊತ್ತಿನ ವೇಗ ಗಂಟೆಗೆ 80. ಸಣ್ಣ ಗಲ್ಲಿಯ ವಾಟರ್ ಎಂಟ್ರನ್ಸ್‌ಗಳು (ರಸ್ತೆಯ ನೀರು ಗಟಾರಕ್ಕಿಳಿಯುವ ಕಿಂಡಿಗಳು) ಸೋಲುವುದು ಆ ಕಾಲು ಗಂಟೆಯಲ್ಲೇ.

ಸೂತ್ರ ಸರಳ: ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಇಂಗದೆ ಹರಿದು ಬರುವ ಪಾಲು), ಗಂಟೆಯ ಮಳೆ, ಹೆಕ್ಟೇರು ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಕಾಂಕ್ರೀಟು ತುಂಬಿದ ಬಡಾವಣೆಗೆ ಗುಣಾಂಕ 0.9 ಹಿಡಿಯಿರಿ. 0.9 × 50 × 12 ÷ 360 = 1.5 ಘನ ಮೀಟರ್.

ಇಷ್ಟು ನೀರನ್ನು ಈಗಿರುವ ಗಟಾರ ಒಯ್ಯುತ್ತದೆಯೇ? ಒಂದೂವರೆ ಮೀಟರ್ ಅಗಲ, 90 ಸೆಂ.ಮೀ. ನೀರಿನ ಆಳ, ಸಾವಿರಕ್ಕೊಂದು ಇಳಿಜಾರು, ಕಾಂಕ್ರೀಟಿನ ಒರಟು 0.015 ಎಂದು ಕಾಲುವೆಯ ಹರಿವನ್ನು ಲೆಕ್ಕ ಹಾಕುವ ಮ್ಯಾನಿಂಗ್ ಸೂತ್ರದಲ್ಲಿ ಹಾಕಿದರೆ 1.57 ಘನ ಮೀಟರ್ ಬರುತ್ತದೆ. ಸಾಕು! ಆದರೆ ತಳದಲ್ಲಿ 30 ಸೆಂ.ಮೀ. ಹೂಳು ಕೂತಿದ್ದರೆ? ನೀರಿಗೆ ಉಳಿದ ಆಳ 60 ಸೆಂ.ಮೀ., ಒರಟು 0.020ಕ್ಕೆ ಏರುತ್ತದೆ, ಉತ್ತರ 0.68ಕ್ಕೆ ಬೀಳುತ್ತದೆ. ಆಳದಲ್ಲಿ ಮೂರರಲ್ಲೊಂದು ಪಾಲು ಹೋದದ್ದಕ್ಕೆ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಹೂಳಿಗಾಗಿ ಆಗುವ ಜಗಳಗಳಿಗೆ ಈ ಒಂದು ಲೆಕ್ಕ ಸಾಕು.

ಹೂಳನ್ನು ಏಪ್ರಿಲ್‌ನಲ್ಲಿ ನೀವೇ ಅಳೆಯಿರಿ. ಗುರುತು ಹಾಕಿದ ಕಬ್ಬಿಣದ ಸಲಾಕೆಯನ್ನು ಪ್ರತಿ ಮ್ಯಾನ್‌ಹೋಲಿನಲ್ಲಿ ಇಳಿಸಿ, ಮೊದಲು ಮೆತ್ತಗೆ ತಾಗಿದ ಮಟ್ಟ, ಆಮೇಲೆ ಗಟ್ಟಿ ತಳ ಸಿಕ್ಕ ಮಟ್ಟ ಬರೆದುಕೊಳ್ಳಿ. ಒಳಗೆ ಯಾರನ್ನೂ ಇಳಿಸಬೇಡಿ. ಮಳೆನೀರಿನ ಗಟಾರದಲ್ಲೂ ವಿಷಗಾಳಿ ಇರುತ್ತದೆ, ಜೀವ ಹೋಗುತ್ತದೆ. 1,200 ಮೀಟರ್ ಉದ್ದ, ಒಂದೂವರೆ ಅಗಲ, 30 ಸೆಂ.ಮೀ. ದಪ್ಪ ಎಂದರೆ 540 ಘನ ಮೀಟರ್. ಆರು ಘನ ಮೀಟರ್ ಹಿಡಿಯುವ ಡಂಪರಿಗೆ 90 ಖೇಪು. ಗುತ್ತಿಗೆದಾರ ನಲವತ್ತು ಖೇಪು ಒಯ್ದು 'ನಾಲೇಸಫಾಯಿ ಆಯ್ತು' ಎಂದರೆ ಯಾವ ಮ್ಯಾನ್‌ಹೋಲುಗಳ ನಡುವೆ ಆಗಿಲ್ಲ ಎಂದು ಸಲಾಕೆಯನ್ನೇ ಕೇಳಿ. ತೆಗೆದ ಹೂಳನ್ನು ದಂಡೆಯಲ್ಲೇ ಒಣಗಲು ಬಿಡುವ ಅಭ್ಯಾಸವೂ ಉಂಟು. ಮೊದಲ ಮಳೆಗೆ ಅದು ಮರಳಿ ಮನೆ ಸೇರುತ್ತದೆ.

ಫ್ಲ್ಯಾಪ್ ಗೇಟ್, ಟ್ಯಾಂಕು, ಪಂಪು

ಕ್ರಮ ಇದೇ ಇರಲಿ. ಗೇಟ್ ಇಲ್ಲದೆ ಪಂಪು ಕೂಡಿಸುವುದು ಅರಬ್ಬೀ ಸಮುದ್ರವನ್ನೇ ಖಾಲಿ ಮಾಡಲು ಹೊರಟ ಹಾಗೆ.

ಉಪ್ಪುನೀರಿನ ಅಂಚಿನ ಗದ್ದೆಗಳನ್ನು, ಅಂದರೆ ಉತ್ತರ ಕನ್ನಡದ ಗಜನಿಯನ್ನೋ ಗೋವೆಯ ಖಾಜಾನನ್ನೋ ಕಂಡವರಿಗೆ ಈ ಗೇಟಿನ ಮರ್ಮ ವಿವರಿಸಬೇಕಿಲ್ಲ. ಇಳಿತದಲ್ಲಿ ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಭರತದಲ್ಲಿ ಹೊರಗಿನ ನೀರು ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ಮರದ ಹಲಗೆ, ಇಲ್ಲಿ ಎರಕದ ಕಬ್ಬಿಣ ಅಥವಾ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್. ಉಪ್ಪುನೀರಿಗೆ ಎಚ್‌ಡಿಪಿಇ ಹಗುರ, ತುಕ್ಕಿಲ್ಲ, ಕಡಿಮೆ ಒತ್ತಡಕ್ಕೂ ತೆರೆಯುತ್ತದೆ. ಬೋಲ್ಟು ಮತ್ತು ಕೀಲು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, 304 ಇಲ್ಲಿ ಹಳದಿಗಟ್ಟಿ ಗುಳಿ ಬೀಳುತ್ತದೆ.

ಗೇಟ್ ಸೋಲುವುದು ಮುರಿದಲ್ಲ, ಪೂರ್ತಿ ಮುಚ್ಚದೆ. ಒಂದು ಪ್ಲಾಸ್ಟಿಕ್ ಚೀಲದ ಗಂಟು, ಒಂದು ಎಳನೀರಿನ ಬುರುಡೆ, ಅಂಚಿಗೆ ಅಂಟಿದ ಚಿಪ್ಪುಗಳು ಸಾಕು. ಒಂದೂವರೆ ಮೀಟರ್ ಅಗಲದ ಗೇಟಿನಡಿ 5 ಸೆಂ.ಮೀ. ಸಂದು ಉಳಿದು, ಹೊರಗೆ ಒಂದು ಮೀಟರ್ ಹೆಚ್ಚು ನೀರಿದ್ದರೆ ಒಳಗೆ ನುಗ್ಗುವುದು ಸೆಕೆಂಡಿಗೆ 0.2 ಘನ ಮೀಟರ್, ಗಂಟೆಗೆ 720. ಹತ್ತು ಸಾವಿರ ಲೀಟರಿನ 72 ಟ್ಯಾಂಕರ್ ಸಮುದ್ರದ ನೀರು, ಪ್ರತಿ ಗಂಟೆಗೆ. ಅದಕ್ಕೇ ಗೇಟಿಗೆ ಗಟಾರದ ನೀರು ಬರುವ ಬದಿಯಲ್ಲಿ 50ರಿಂದ 75 ಮಿ.ಮೀ. ಸಂದಿನ ಕಬ್ಬಿಣದ ಜಾಲರಿ ಬೇಕು, ಜಾಲರಿಯ ಕಸ ಎಳೆಯಲು ಜೆಸಿಬಿ ಬರುವಷ್ಟು ದಾರಿ ಬೇಕು. ನಕ್ಷೆಯಲ್ಲಿ ಜಾಲರಿ ಇದ್ದು ಪಕ್ಕದಲ್ಲಿ ನಿಲ್ಲಲು ಜಾಗವಿಲ್ಲದಿದ್ದರೆ ಮೊದಲ ಮಳೆಗೆ ಆ ಜಾಲರಿಯೇ ಅಣೆಕಟ್ಟಾಗುತ್ತದೆ.

ಇನ್ನು ಬಾಗಿಲು ಮುಚ್ಚಿದ ಐದು ಗಂಟೆಯ ಲೆಕ್ಕ. ಮೊದಲ ಗಂಟೆ 50 ಮಿ.ಮೀ., ಮುಂದಿನ ನಾಲ್ಕು ಗಂಟೆ 20 ಮಿ.ಮೀ.ನಂತೆ ಎಂದುಕೊಳ್ಳಿ. 12 ಹೆಕ್ಟೇರಿಗೆ ಮೊದಲ ಗಂಟೆ 5,400 ಘನ ಮೀಟರ್ ನೀರು, ಆಮೇಲೆ ಗಂಟೆಗೆ 2,160. ಸೆಕೆಂಡಿಗೆ ಅರ್ಧ ಘನ ಮೀಟರ್ ಎತ್ತುವ ಒಂದು ಪಂಪು ಗಂಟೆಗೆ 1,800 ಎತ್ತುತ್ತದೆ. ಮೊದಲ ಗಂಟೆಗೆ 3,600 ಉಳಿಯುತ್ತದೆ, ಆಮೇಲೆ ಪ್ರತಿ ಗಂಟೆ 360 ಸೇರುತ್ತ ಕೊನೆಗೆ 5,040. ನಾಲ್ಕು ಮೀಟರ್ ಆಳದ ಟ್ಯಾಂಕಾದರೆ 1,260 ಚದರ ಮೀಟರ್ ಜಾಗ, ಒಂದು ಸಣ್ಣ ಮೈದಾನವೇ ಬೇಕು. ಅಂಥದೇ ಎರಡು ಪಂಪು ಓಡಿದರೆ ಮೊದಲ ಗಂಟೆಗೆ 1,800 ಉಳಿಯುತ್ತದೆ, ಆಮೇಲೆ ಮಟ್ಟ ಇಳಿಯತೊಡಗುತ್ತದೆ. ಟ್ಯಾಂಕು 450 ಚದರ ಮೀಟರಿಗೆ ಬಂತು. ಜಾಗ ದುಬಾರಿಯಾದ ಮುಂಬೈಯಲ್ಲಿ ನಾವು ಎರಡನೆಯದನ್ನೇ ಆರಿಸುತ್ತೇವೆ. ಆದರೆ ಪಂಪು ಕೆಟ್ಟ ದಿನ ಸಣ್ಣ ಟ್ಯಾಂಕು ಇಪ್ಪತ್ತು ನಿಮಿಷದಲ್ಲಿ ತುಂಬುತ್ತದೆ ಎಂಬುದೂ ನೆನಪಿರಲಿ.

ಹಿಂದ್‌ಮಾತಾದ ನೀರಿಗೆ ಪಾಲಿಕೆ ಮಾಡಿದ್ದೂ ಇಂಥದೇ: ಪ್ರಮೋದ್ ಮಹಾಜನ್ ಉದ್ಯಾನ ಮತ್ತು ಸೇಂಟ್ ಝೇವಿಯರ್ಸ್ ಮೈದಾನದ ಕೆಳಗೆ ಟ್ಯಾಂಕು ಕಟ್ಟಿ, ಭರತದಲ್ಲಿ ನೀರು ಹಿಡಿದಿಟ್ಟು ಇಳಿತದಲ್ಲಿ ಬಿಡುವುದು. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್, ಕ್ಲೀವ್‌ಲ್ಯಾಂಡ್ ಬಂದರ್, ಬ್ರಿಟಾನಿಯಾ, ಗಜ್‌ಧರ್‌ಬಂಧ್‌ನ ದೊಡ್ಡ ಪಂಪುಮನೆಗಳಲ್ಲಿ ಒಂದೊಂದು ಪಂಪು ಸೆಕೆಂಡಿಗೆ 6,000 ಲೀಟರಿನ ಲೆಕ್ಕದ್ದು. ನಿಮ್ಮ ಗಲ್ಲಿ ಇವುಗಳಲ್ಲೊಂದರ ಜಲಾನಯನದಲ್ಲಿದ್ದರೆ ಸ್ವಂತ ಪಂಪಿನ ಮಾತು ಬಿಡಿ, ನೀರು ಆ ಪಂಪುಮನೆಯವರೆಗೆ ಯಾಕೆ ತಲುಪುತ್ತಿಲ್ಲ ಎಂದು ಹುಡುಕಿ.

ಸ್ವಂತದ್ದೇ ಬೇಕೆಂದಾದರೆ ಅರ್ಧ ಘನ ಮೀಟರಿನ ಮೂರು ಪಂಪು, ಎರಡು ಓಡಲು, ಒಂದು ಕಾಯಲು. ಹೊಂಡದ ಕೆಳಮಟ್ಟದಿಂದ ಭರತದ ಮೇಲಕ್ಕೆ ನಾಲ್ಕು ಮೀಟರ್, ಪೈಪಿನ ನಷ್ಟ ಒಂದೂವರೆ, ಒಟ್ಟು ಐದೂವರೆ ಮೀಟರ್ ಎತ್ತುವುದಾದರೆ ದಕ್ಷತೆ 70 ಶೇಕಡಾದಲ್ಲಿ ಪ್ರತಿ ಪಂಪಿಗೆ 38.5 ಕಿಲೋವ್ಯಾಟ್, ಅಂದರೆ 45ರ ಮೋಟಾರು. ಗಂಟೆಗೆ ಆರಕ್ಕಿಂತ ಹೆಚ್ಚು ಸಲ ಆನ್-ಆಫ್ ಆಗದಂತೆ ಆನ್ ಮಟ್ಟಕ್ಕೂ ಆಫ್ ಮಟ್ಟಕ್ಕೂ ನಡುವೆ 75 ಘನ ಮೀಟರ್ ನೀರು ಇರಬೇಕು. ಇದನ್ನು ಉಳಿಸಲು ಹೋಗಿ ಹೊಂಡ ಸಣ್ಣ ಮಾಡಿದವರ ಮೋಟಾರಿನ ವೈಂಡಿಂಗ್ ಮೊದಲ ವರ್ಷವೇ ಸುಡುತ್ತದೆ. ಮೋಟಾರನ್ನು ಮೆಲ್ಲಗೆ ಶುರು ಮಾಡುವ ಸಾಫ್ಟ್ ಸ್ಟಾರ್ಟರ್ ಇದ್ದರೆ 200 ಕೆವಿಎ ಜನರೇಟರ್ ಸಾಕು. ಜೋರು ಮಳೆಯಲ್ಲಿ ಸುರಕ್ಷತೆಗಾಗಿ ವಿದ್ಯುತ್ ಕಡಿಯುತ್ತಾರೆ, ಆದ್ದರಿಂದ ಜನರೇಟರ್ ಬಿಟ್ಟು ಪಂಪುಮನೆಯ ಮಾತೇ ಇಲ್ಲ. ಜನರೇಟರ್ ಮತ್ತು ಪ್ಯಾನೆಲ್ ಎರಡೂ ಗೊತ್ತಿರುವ ಅತಿ ಮೇಲಿನ ನೀರಿನ ಕಲೆಗಿಂತ ಒಂದು ಮೀಟರ್ ಮೇಲಿರಲಿ, ಹನ್ನೆರಡು ಗಂಟೆಯ ಡೀಸೆಲ್ ಅಲ್ಲೇ ಇರಲಿ.

ಬಾಡಿಗೆಯ ಡೀಸೆಲ್ ಪಂಪಿನ ಬಗ್ಗೆ ಒಂದು ಮಾತು. ಅದರ ಹೋಸು ಎಲ್ಲಿ ಬಿಡುತ್ತಿದೆ ನೋಡಿ. ಪಕ್ಕದ ಗಲ್ಲಿಯ ಗಟಾರ ನಿಮ್ಮದೇ ನಾಲಾಕ್ಕೆ ಸೇರುವುದಾದರೆ ಅದೇ ನೀರು ಸುತ್ತು ಹೊಡೆದು ಬರುತ್ತದೆ, ಡೀಸೆಲ್ ಮಾತ್ರ ಖಾಲಿ.

ಖಾರಿಯ ಅಂಚಿಗೆ ಗೋಡೆ ಕಟ್ಟಿಸಿ ಎಂಬ ಬೇಡಿಕೆಯೂ ಬರುತ್ತದೆ. ಗೇಟು-ಪಂಪಿಲ್ಲದ ಗೋಡೆ ಒಳಗಿನ ಮಳೆನೀರನ್ನೇ ಕಟ್ಟಿಹಾಕುತ್ತದೆ. ಇಂಗುಗುಂಡಿಯಿಂದಲೂ ಇಲ್ಲಿ ಹೆಚ್ಚು ಆಶೆ ಬೇಡ. ಕರಾವಳಿಯ ತಗ್ಗಿನಲ್ಲಿ ಜುಲೈ ಹೊತ್ತಿಗೆ ಅಂತರ್ಜಲ ನೆಲಕ್ಕೆ ತೀರಾ ಹತ್ತಿರ ಬಂದಿರುತ್ತದೆ, ಗುಂಡಿ ಮೊದಲೇ ತುಂಬಿರುತ್ತದೆ. ಚಾವಣಿಯ ನೀರನ್ನು ಟ್ಯಾಂಕಿನಲ್ಲಿ ಹಿಡಿದು ಕೆಲವು ಗಂಟೆ ತಡೆದು ಬಿಡುವುದು ಮೇಲು: 800 ಚದರ ಮೀಟರ್ ಚಾವಣಿಗೆ 50 ಮಿ.ಮೀ. ಎಂದರೆ 40 ಘನ ಮೀಟರ್.

ಅನುಮತಿ ಮತ್ತು ತಿಂಗಳುಗಳು

ಭರತದ ಗೆರೆಯ ಹತ್ತಿರ ಏನೇ ಕಟ್ಟುವುದಿದ್ದರೂ ಮಹಾರಾಷ್ಟ್ರ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. ಕಾಂದಳ (ಮ್ಯಾಂಗ್ರೋವ್) ಇದ್ದರೆ ಬಾಂಬೆ ಹೈಕೋರ್ಟಿನ 2018ರ ತೀರ್ಪಿನಂತೆ ಅದನ್ನೂ ಸುತ್ತಲಿನ 50 ಮೀಟರನ್ನೂ ಮುಟ್ಟುವಂತಿಲ್ಲ, ಸಾರ್ವಜನಿಕ ಕೆಲಸಕ್ಕಾದರೂ ಕೋರ್ಟಿಗೇ ಹೋಗಬೇಕು. ಹಳಿ ದಾಟುವುದಾದರೆ ರೈಲ್ವೆ. ಮಾಹುಲ್ ಮತ್ತು ಮೊಗ್ರಾ ಪಂಪುಮನೆಗಳು ವರ್ಷಗಟ್ಟಲೆ ತಡವಾದದ್ದು ಎಂಜಿನಿಯರಿಂಗಿನಿಂದಲ್ಲ, ಜಾಗದಿಂದ. ಆದ್ದರಿಂದ ನಕ್ಷೆ ಬರೆಯುವ ಮೊದಲೇ ಪ್ರತಿ ತುಂಡು ಜಾಗ ಯಾರದ್ದೆಂದು ಪ್ರಾಪರ್ಟಿ ಕಾರ್ಡು ತೆಗೆಸಿ.

ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬರುತ್ತದೆ. ಅದರಲ್ಲಿ ನಿಮ್ಮ ಕೆಲಸದ ಹೆಸರು ಕಾಣಬೇಕಾದರೆ ಮಟ್ಟ, ಭರತದ ಗ್ರಾಫು, ಫೋಟೊ ಸಹಿತ ಪ್ರಸ್ತಾವ ಅಕ್ಟೋಬರ್ ಒಳಗೆ ವಾರ್ಡ್ ಆಫೀಸಿನಲ್ಲಿರಬೇಕು. ಮಳೆಗಾಲದಲ್ಲಿ ರಸ್ತೆ ಅಗೆಯಲು ಬಿಡುವುದಿಲ್ಲ, ಹಾಗಾಗಿ ಅಗೆತದ ಕೆಲಸಕ್ಕೆ ಸಿಗುವುದು ಅಕ್ಟೋಬರಿನಿಂದ ಮೇ. ಟೆಂಡರು ಮಾರ್ಚಿಗೆ ಜಾರಿದರೆ ಆ ವರ್ಷ ಶುರು ಮಾಡದಿರುವುದೇ ಕ್ಷೇಮ. ಅರ್ಧ ಅಗೆದು ಬಿಟ್ಟ ಗಟಾರ ಹಳೆಯದಕ್ಕಿಂತ ಕೆಟ್ಟದು.

ಅಲ್ಲಿಯವರೆಗೆ ಕಟ್ಟಡದೊಳಗೆ

ಇವಕ್ಕೆ ಯಾರ ಅನುಮತಿಯೂ ಬೇಡ. ನೆಲದಡಿಯ ಕುಡಿಯುವ ನೀರಿನ ಟ್ಯಾಂಕಿನ ಬಾಯಿಯನ್ನು ನೀರಿನ ಕಲೆಗಿಂತ 60 ಸೆಂ.ಮೀ. ಮೇಲಕ್ಕೆ ಕಟ್ಟಿಸಿ. ಕೊಳಚೆಯ ಕೊನೆಯ ಚೇಂಬರಿನಲ್ಲಿ ನಾನ್-ರಿಟರ್ನ್ ವಾಲ್ವ್ ಹಾಕಿಸಿ, ತಿಂಗಳಿಗೊಮ್ಮೆ ಅದರ ಫ್ಲ್ಯಾಪ್ ಕೈಯಿಂದ ಎತ್ತಿ ನೋಡಿ. ಮೀಟರ್ ಬೋರ್ಡು ಮೇಲಕ್ಕೆ ಹೋಗಲಿ, ಲಿಫ್ಟು ಮಳೆ ಜೋರಾದಾಗ ಎರಡನೇ ಮಹಡಿಯಲ್ಲಿ ನಿಲ್ಲಲಿ. ಗೇಟಿಗೆ ಅಲ್ಯುಮಿನಿಯಂ ಹಲಗೆ ಕೂಡಿಸುವವರು ಒಳಗೊಂದು ಸಣ್ಣ ಪಂಪನ್ನೂ ಇಡಬೇಕು, ಇಲ್ಲದಿದ್ದರೆ ಚಾವಣಿಯ ನೀರು ಅಂಗಳದಲ್ಲೇ ತುಂಬುತ್ತದೆ.

ಮಳೆಯಿಲ್ಲದ ದಿನದ ಪರೀಕ್ಷೆ

ಗೇಟ್ ಕೂಡಿಸಿ, ಹೂಳು ತೆಗೆದು, ಪಂಪು ನಿಂತ ಮೇಲೆ ಮೇ ತಿಂಗಳ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮರುದಿನ ಆರಿಸಿಕೊಳ್ಳಿ. ಭರತಕ್ಕೆ ಒಂದು ಗಂಟೆ ಮೊದಲು ಗೇಟಿನ ಒಳಬದಿಯ ಮ್ಯಾನ್‌ಹೋಲ್ ತೆರೆದು ಸುತ್ತ ಬ್ಯಾರಿಕೇಡ್ ಇಟ್ಟು, ಗೋಡೆಯ ಮೇಲೆ ಸೀಮೆಸುಣ್ಣದಿಂದ ನೀರಿನ ಮಟ್ಟ ಗುರುತಿಸಿ. ಪಂಪು ಆಫ್ ಇರಲಿ. ಹದಿನೈದು ನಿಮಿಷಕ್ಕೊಂದು ಗುರುತು, ಭರತ ಕಳೆದು ಒಂದು ಗಂಟೆಯವರೆಗೆ. ಮೋಡವಿಲ್ಲದ ದಿನ ಆ ಗೆರೆಗಳು ಏರುತ್ತ ಹೋದರೆ, ನೀರನ್ನು ಬೊಗಸೆಯಲ್ಲಿ ಹಿಡಿದು ನಾಲಗೆಯಿಂದ ನೋಡುವುದು ಬೇಡ, ಉಪ್ಪಿನಂಶ ತೋರುವ ಟಿಡಿಎಸ್ ಮೀಟರ್ ಅದ್ದಿ. ಅಂಕಿ ಸಾವಿರಗಳಲ್ಲಿ ಬಂದರೆ ಒಳಗೆ ಬಂದಿರುವುದು ಸಮುದ್ರ. ಇಳಿತಕ್ಕೆ ಕಾಯಿರಿ, ಗೇಟಿನ ಅಂಚು ಕೆರೆಸಿ, ರಬ್ಬರ್ ಸೀಲ್ ಬದಲಿಸಿ, ಮುಂದಿನ ಭರತಕ್ಕೆ ಮತ್ತೆ ಸೀಮೆಸುಣ್ಣ ಹಿಡಿಯಿರಿ. ಗೆರೆಗಳು ಒಂದೇ ಕಡೆ ನಿಂತ ಮೇಲೆ ಗುತ್ತಿಗೆದಾರನ ಕೊನೆಯ ಬಿಲ್ಲಿಗೆ ಸಹಿ ಹಾಕಿ.